ಬೆಲೆ ಇಳಿದ ದಿನವೂ ಡಿಪೋ ತೆರೆದಿರಲಿ



ನನ್ನನ್ನು ಅಧ್ಯಕ್ಷ ಪೀಠದಲ್ಲಿ ಕೂರಿಸಿದ್ದೀರಿ. 

ಬೆಳಗ್ಗಿನ ಗೋಷ್ಠಿಯಲ್ಲಿ ಬಹುರಾಷ್ಟ್ರೀಯ ಕಂಪನಿಗಳು ಸ್ಥಳೀಯ ಸಂಸ್ಕೃತಿಗೆ ಹೇಗೆ ಒಗ್ಗಿಕೊಳ್ಳುತ್ತವೆ ಎಂಬುದನ್ನು ಚೆನ್ನಾಗಿ ವಿವರಿಸಿದರು. ಹಬ್ಬಕ್ಕೆ ತಕ್ಕ ಜಾಹೀರಾತು, ನಾಲಿಗೆಗೆ ತಕ್ಕ ಮಸಾಲೆ, ಕಿಸೆಗೆ ತಕ್ಕ ಸ್ಯಾಶೆ. (ಗೂಡಂಗಡಿಯಲ್ಲಿ ತೋರಣದಂತೆ ತೂಗುವ ಆ ಶಾಂಪೂ ಸ್ಯಾಶೆ ಯಾವ ವಿದೇಶಿ ಕಂಪನಿಯ ತಲೆಯಲ್ಲೂ ಹುಟ್ಟಿದ್ದಲ್ಲ. ಅದನ್ನು ರೂಢಿಗೆ ತಂದವರು ಕಡಲೂರಿನ ಚಿನ್ನಿಕೃಷ್ಣನ್. ದೊಡ್ಡವರು ಆಮೇಲೆ ಕಲಿತರು.) ಆದರೆ ಇದೆಲ್ಲ ಮಾರುವವರ ಲೆಕ್ಕ. ನಮ್ಮ ಕಾಸರಗೋಡು ಜಿಲ್ಲೆ ಜಗತ್ತಿನ ಪೇಟೆಗೆ ಗಿರಾಕಿಯಾಗುವ ಮೊದಲೇ ಬೆಳೆಗಾರನಾಗಿ ಹೋಗಿದೆ. ಹಾಗಾಗಿ ನಾನು ಕೊಡುವವರ ಕಡೆ ನಿಂತು ಮಾತಾಡುತ್ತೇನೆ. ಉದಾಹರಣೆಗೆ ಕೊಕ್ಕೊ ಸಾಕು.

ಕ್ಯಾಡ್‌ಬರಿ ಕಂಪನಿ 1960ರ ದಶಕದ ಮಧ್ಯದಲ್ಲಿ ವಯನಾಡಿನಲ್ಲಿ ಪ್ರಾತ್ಯಕ್ಷಿಕೆ ತೋಟ ಮಾಡಿ ಕೊಕ್ಕೊ ಪ್ರಚಾರ ಶುರುಮಾಡಿತು. ಅಲ್ಲಿಂದ ಗಿಡ ನಮ್ಮ ಅಡಿಕೆ ತೋಟಗಳಿಗೆ ಬಂತು. ನೆರಳು ಬೇಕಾದ ಗಿಡ, ನೆರಳಿರುವ ತೋಟ. ಪೆರ್ಲ, ಬದಿಯಡ್ಕ, ಮುಳ್ಳೇರಿಯದ ಕಡೆ ಅಡಿಕೆಯ ಸಾಲುಗಳ ನಡುವೆ ಅದು ಸಲೀಸಾಗಿ ಹೊಂದಿಕೊಂಡಿತು. ತೊಡಕು ಇದ್ದದ್ದು ಒಣಗಿಸುವುದರಲ್ಲಿ. ಘಾನಾದ ರೈತ ಬೀಜವನ್ನು ಬಾಳೆಯೆಲೆಯಡಿ ರಾಶಿ ಹಾಕಿ ಐದಾರು ದಿನ ಹುಳಿ ಬರಿಸಿ, ಬಿಸಿಲಿಗೆ ಒಣಗಿಸಿ, ಒಣಬೀಜವನ್ನೇ ಮಾರುತ್ತಾನೆ. ನಮ್ಮಲ್ಲಿ ಒಂದು ದೊಡ್ಡ ಕೊಯ್ಲು ಏಪ್ರಿಲ್‌ನಿಂದ ಜೂನ್‌ವರೆಗೆ. ಮಳೆ ಹಿಡಿದ ಮೇಲೆ ಅಂಗಳವೆಲ್ಲ ಪಾಚಿ, ಸೂರ್ಯನ ಮುಖ ಕಾಣುವುದಿಲ್ಲ. ಕಾಯಿಯನ್ನು ಕಲ್ಲಿಗೆ ಬಡಿದು ಒಡೆದು, ಲೋಳೆ ಸುತ್ತಿದ ಬೀಜವನ್ನು ಗೋಣಿಗೆ ತುಂಬಿದರೆ ರಸ ಇಳಿಯಲು ಶುರು. ಅದನ್ನು ಹೊತ್ತುಗಳೆಯದೆ ಖರೀದಿ ಡಿಪೋ ಮುಟ್ಟಿಸಬೇಕು. ಅದಕ್ಕಾಗಿಯೇ ಇಲ್ಲಿ ಹಸಿಬೀಜವನ್ನೇ ತೂಗಿ ಕೊಳ್ಳುವ ಕ್ರಮ ಬಂತು. ಹುಳಿ ಬರಿಸುವ, ಒಣಗಿಸುವ ತಾಪತ್ರಯ ಕೊಳ್ಳುವವರ ಪಾಲಿಗೆ. ಊರಿಗೆ ಹೊಂದಿಕೊಳ್ಳುವುದು ಎಂದರೆ ನನ್ನ ಪ್ರಕಾರ ಇದು. ಮಳೆಯನ್ನು ನೋಡಿ ಖರೀದಿಯ ಕ್ರಮವನ್ನೇ ಬದಲಿಸುವುದು ಜಾಹೀರಾತಿನಲ್ಲಿ ಮುಂಡು ಉಡಿಸಿದಷ್ಟು ಸುಲಭವಲ್ಲ.

ಆದರೆ 1980ರ ಹೊತ್ತಿಗೆ ಅಂತಾರಾಷ್ಟ್ರೀಯ ಪೇಟೆಯಲ್ಲಿ ದರ ಬಿತ್ತು. ಕೊಳ್ಳುತ್ತಿದ್ದವರು ಹಿಂದೆ ಸರಿದರು. ಕಾಯಿ ಮರದಲ್ಲೇ ಕಪ್ಪಾಯಿತು. ಎಷ್ಟೋ ತೋಟಗಳಲ್ಲಿ ಗಿಡಗಳನ್ನು ಕಡಿದು ಹಾಕಿದರು. ಮಳೆಯನ್ನು ಅರಿತಿದ್ದ ವ್ಯವಸ್ಥೆಗೆ ರೈತನ ಕಷ್ಟದಲ್ಲಿ ನಿಲ್ಲುವ ಬಾಧ್ಯತೆ ಇರಲಿಲ್ಲ.

ಆಗ ಮುಂದೆ ಬಂದದ್ದು ಕ್ಯಾಂಪ್ಕೊ. ಅಡ್ಯನಡ್ಕದ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರ ಜುಲೈ 11ರಂದು ಅಡಿಕೆಗಾಗಿ ಹುಟ್ಟಿದ ಸಹಕಾರಿ ಸಂಸ್ಥೆ, ಕರ್ನಾಟಕ ಮತ್ತು ಕೇರಳ ಎರಡೂ ರಾಜ್ಯದ ಬೆಳೆಗಾರರದ್ದು. ರಾಜ್ಯದ ಗೆರೆ 1956ರಲ್ಲಿ ಬಿದ್ದರೂ ತೋಟದ ಕಷ್ಟಕ್ಕೆ ಗೆರೆ ಇಲ್ಲ ಎಂಬುದನ್ನು ಅವರು ಬೈಲಾದಲ್ಲೇ ಬರೆದಿಟ್ಟರು. ಕ್ಯಾಂಪ್ಕೊ ಕೊಕ್ಕೊ ಕೊಂಡಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಕಟ್ಟಿತು. ಮುಂದೆ ನೆಸ್ಲೆಯಂಥ ಕಂಪನಿಯೂ ಅಲ್ಲಿ ಚಾಕೊಲೇಟ್ ಮಾಡಿಸಿಕೊಂಡಿತು. ಅಡಿಕೆ ಸುಲಿಯುವ ಊರಿನವರಿಗೆ ಚಾಕೊಲೇಟ್ ಯಾಕೆ ಎಂದು ನಕ್ಕವರಿಗೆ ಅದೇ ಉತ್ತರ.

ಹೊರಗಿನದ್ದು ನಮ್ಮದಾಗುವ ಇನ್ನೊಂದು ಬಗೆ ನಮ್ಮ ತೋಟದಲ್ಲೇ ಇದೆ. ಮಳೆಗಾಲ ಹತ್ತಿರವಾದರೆ ಅಡಿಕೆಗೆ ಮದ್ದು ಬಿಡುವ ಗಡಿಬಿಡಿ. ಆ ಮದ್ದು ಫ್ರಾನ್ಸಿನ ಬೋರ್ಡೊ ಪ್ರಾಂತದ ದ್ರಾಕ್ಷಿ ತೋಟದ್ದು, 1880ರ ದಶಕದ್ದು. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅದನ್ನು ಕೊಳೆರೋಗಕ್ಕೆ ಪ್ರಯೋಗಿಸಿ ನೋಡಿದರು. ದ್ರಾಕ್ಷಿಗೆ ಬೀಳುವ ಮಳೆ ಬೇರೆ, ಅಡಿಕೆ ಗೊನೆಗೆ ಬೀಳುವ ಮಳೆ ಬೇರೆ. ಹಾಗಾಗಿ ಮದ್ದು ತೊಳೆದು ಹೋಗದಂತೆ ರಾಳ ಸೇರಿಸುವ ಕ್ರಮ ಬಂತು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಪಾಕ ಸರಿಯಾಯಿತೋ ಎಂದು ಕತ್ತಿ ಅದ್ದಿ ನೋಡುವುದು. ಕಬ್ಬಿಣ ಕೆಂಪಾದರೆ ಸುಣ್ಣ ಸಾಲದು. ಅಕ್ಷರ ಬಾರದ ಕೆಲಸದವರಿಗೂ ಈ ಪರೀಕ್ಷೆ ಗೊತ್ತು.

ಇದರ ಪಕ್ಕಕ್ಕೆ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಇಟ್ಟು ನೋಡಿ. ಅದೂ ಹೊರಗಿನದ್ದೇ, 1950ರ ದಶಕದಲ್ಲಿ ಜರ್ಮನಿಯಲ್ಲಿ ಹುಟ್ಟಿದ್ದು. ಸರಕಾರಿ ಗೇರು ತೋಟಗಳ ಮೇಲೆ ಅದನ್ನು ಹೆಲಿಕಾಪ್ಟರಿನಿಂದ ಸುಮಾರು ಎರಡು ದಶಕ, 2000ದ ತನಕ ಸಿಂಪಡಿಸಿದರು. ಗುಡ್ಡದ ಮೇಲೆ ಗೇರು, ಅದರ ಬುಡದಲ್ಲೇ ನೀರಿನ ಸುರಂಗ, ಕೆರೆ, ತೋಡು, ಮನೆ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಮುಳಿಯಾರಿನಲ್ಲಿ ಜನ ಕುಡಿಯುವ ನೀರು ಯಾವ ಗುಡ್ಡದಿಂದ ಇಳಿಯುತ್ತದೆ ಎಂದು ಯಾರೂ ಕೇಳಲಿಲ್ಲ. ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿದ್ದು 2011ರಲ್ಲಿ. ಆ ವಿಷದಿಂದ ಕಾಯಿಲೆ ಬಿದ್ದ ಸಂತ್ರಸ್ತರ ಕುಟುಂಬದವರು ಈ ಸಭೆಯಲ್ಲೂ ಇದ್ದಾರೆ; ಹೆಚ್ಚು ವಿವರಿಸುವ ಅಗತ್ಯವಿಲ್ಲ.

ಭಾಷೆಯ ಮಾತನ್ನು ಬಿಟ್ಟರೆ ನೀವು ನನ್ನನ್ನು ಬಿಡಲಾರಿರಿ. ಕಂಪನಿಗಳ ನಕ್ಷೆಯಲ್ಲಿ ಕೇರಳ ಎಂದರೆ ಮಲಯಾಳ, ಅಲ್ಲಿಗೆ ಮುಗಿಯಿತು. ಇಲ್ಲಿ ತುಳುವಿನಲ್ಲಿ ಚೌಕಾಶಿ, ಬ್ಯಾರಿಯಲ್ಲಿ ಕುಶಲ, ಕನ್ನಡದಲ್ಲಿ ಲೆಕ್ಕ. ಕೊಂಕಣಿ, ಮರಾಠಿಯ ಮನೆಗಳೂ ಇವೆ. ಮಂಜೇಶ್ವರದವನಿಗೆ ಆಸ್ಪತ್ರೆ, ಕಾಲೇಜು, ಸಗಟು ಪೇಟೆ ಎಲ್ಲ ಮಂಗಳೂರೇ. 2020ರ ಮಾರ್ಚಿನಲ್ಲಿ ಕೊರೊನಾ ಕಾರಣಕ್ಕೆ ರಾಜ್ಯದ ಗಡಿಯಾದ ತಲಪಾಡಿಯ ರಸ್ತೆ ಮುಚ್ಚಿದಾಗ ಅದು ಎಲ್ಲರಿಗೂ ತಿಳಿಯಿತು. ಹೀಗಿದ್ದೂ ಕೀಟನಾಶಕದ ಡಬ್ಬಿಯ ಎಚ್ಚರಿಕೆ ತಮ್ಮ ಭಾಷೆಯಲ್ಲಿಲ್ಲದೆ ಅದನ್ನು ಓದಲಾಗದ ಕೃಷಿಕರು ನಮ್ಮಲ್ಲಿದ್ದಾರೆ. ಮಿಠಾಯಿಯ ಹೆಸರು ಯಾವ ಲಿಪಿಯಲ್ಲಿದ್ದರೂ ನನಗೆ ತಕರಾರಿಲ್ಲ. ವಿಷದ ಡಬ್ಬಿ ಮತ್ತು ತೂಕದ ರಶೀದಿ ಓದಲು ಬರಬೇಕು.

2024ರಲ್ಲಿ ಕೊಕ್ಕೊ ದರ ಟನ್ನಿಗೆ 10,000 ಡಾಲರ್ ದಾಟಿತು. ಪಶ್ಚಿಮ ಆಫ್ರಿಕಾದಲ್ಲಿ ಗಿಡಕ್ಕೆ ರೋಗ ಬಿದ್ದರೆ ಪೆರ್ಲದಲ್ಲಿ ಗೋಣಿಗೆ ಬೇಡಿಕೆ. ಆಮೇಲೆ ದರ ಮತ್ತೆ ಜಾರಿತು. ಇಂಥ ಏರಿಳಿತದಲ್ಲಿ ಬರುವ ಕೊಳ್ಳುವವರನ್ನು ಸ್ವಾಗತಿಸೋಣ, ಆದರೆ ಕರಾರು ಬರೆಸಿಕೊಂಡೇ. ನಮ್ಮ ಕಡೆಯ ತಪ್ಪೂ ಇದೆ: ಹೊರಗಿನ ವ್ಯಾಪಾರಿ ಕಿಲೋಗೆ ನಾಲ್ಕು ರೂಪಾಯಿ ಹೆಚ್ಚು ಕೊಟ್ಟ ದಿನ ನಮ್ಮದೇ ಸಹಕಾರ ಸಂಘವನ್ನು ಮರೆತು, ದರ ಬಿದ್ದ ದಿನ ಅದರ ಬಾಗಿಲು ಬಡಿಯುವವರು ನಾವೇ.

ಸಂಜೆ ಸಮಾರೋಪದಲ್ಲಿ ಒಂದು ನಿರ್ಣಯ ಬರಲಿದೆ. ಜಿಲ್ಲೆಯಲ್ಲಿ ಖರೀದಿಗೆ ಇಳಿಯುವ ಯಾವುದೇ ಕಂಪನಿ ಮಳೆಗಾಲದಲ್ಲೂ ಹಸಿಬೀಜ ಕೊಳ್ಳಬೇಕು, ಕನಿಷ್ಠ ದರವನ್ನು ಮೊದಲೇ ಬರೆದು ಕೊಡಬೇಕು, ರಶೀದಿ ಕನ್ನಡ ಮತ್ತು ಮಲಯಾಳ ಎರಡರಲ್ಲೂ ಇರಬೇಕು. ಬೆಂಗಳೂರು, ದುಬೈಯ ಕಂಪನಿ ಕಚೇರಿಗಳಲ್ಲಿ ಕುಳಿತಿರುವ ನಮ್ಮ ಮಕ್ಕಳು ಈ ಮಾತನ್ನು ತಮ್ಮ ಮೇಲಿನವರಿಗೆ ಮುಟ್ಟಿಸಲಿ. ಊಟ ಮಾಡಿ ಮನೆಗೆ ಹೊರಡಬೇಡಿ. ಸಂಜೆಯವರೆಗೆ ಇದ್ದು, ನಿರ್ಣಯಕ್ಕೆ ಕೈಯೆತ್ತಿ ಒಪ್ಪಿಗೆ ಕೊಡಿ ಎಂದು ಕೇಳಿಕೊಳ್ಳುತ್ತೇನೆ.