ಹಾವು ಕಚ್ಚಿದಾಗ ಬೇಕಾದವರು 'ಬರೀ ಎಂಬಿಬಿಎಸ್' ಡಾಕ್ಟರೇ!

(ಯುವಕರ ಸಭೆಯೊಂದರಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತು)



ನಾನು ಡಾಕ್ಟರಲ್ಲ. ಪಿಯುಸಿ ಓದಿ ಪ್ರೆಸ್ಸು ನಡೆಸುವವನು. ಆರೋಗ್ಯದ ಕರಪತ್ರಗಳ ಕರಡು ತಿದ್ದುತ್ತ ಓದಿದ್ದು, ತಿಳಿದವರನ್ನು ಕೇಳಿ ಕಲಿತದ್ದು, ಅಷ್ಟನ್ನೇ ಹೇಳುತ್ತೇನೆ.

ಪಟ್ಟಣದ ನಮಗೆ ಡಾಕ್ಟರೆಂದರೆ ಹೃದಯದವರು, ಮೂಳೆಯವರು, ನರದವರು. 'ಬರೀ ಎಂಬಿಬಿಎಸ್ಸಾ?' ಅಂತ ಮೂಗು ಮುರಿಯುತ್ತೇವೆ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೂತಿರುವವರು ಸಾಮಾನ್ಯವಾಗಿ ಆ ಬರೀ ಎಂಬಿಬಿಎಸ್ ಡಾಕ್ಟರೇ. ಬಯಲು ಪ್ರದೇಶದಲ್ಲಿ 30,000 ಜನಕ್ಕೆ, ಗುಡ್ಡಗಾಡಿನಲ್ಲಿ 20,000 ಜನಕ್ಕೆ ಇಂಥ ಒಂದು ಕೇಂದ್ರ ಇರಬೇಕೆಂಬುದು ಸರ್ಕಾರದ ಲೆಕ್ಕ. ಆ ಡಾಕ್ಟರ ಬೆಲೆ ಏನೆಂದು ತಿಳಿಯಲು ಒಂದೇ ಉದಾಹರಣೆ ಸಾಕು. ಅದು ಹಾವಿನ ಕಡಿತ.

2000ರಿಂದ 2019ರವರೆಗೆ ನಮ್ಮ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು 2020ರ ಒಂದು ಅಧ್ಯಯನ ಅಂದಾಜು ಮಾಡಿದೆ. ಹೆಚ್ಚಿನವರು ಹಳ್ಳಿಯವರು. ಇದೇನು ಮದ್ದಿಲ್ಲದ ಕಾಯಿಲೆಯೆ? ಅಲ್ಲ! ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕಕ್ಕೂ ಸೇರಿ ಒಂದೇ ಪ್ರತಿವಿಷ ಇದೆ. ಅದನ್ನು ಹೊತ್ತಿಗೆ ಸರಿಯಾಗಿ ಕೊಡುವ ಕೈ ಬೇಕು.

ಕಟ್ಟುಹಾವನ್ನೇ ನೋಡಿ. ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವಿಲ್ಲ, ಬಾವಿಲ್ಲ, ಎಷ್ಟೋ ಸಲ ಗುರುತೂ ಇಲ್ಲ. ಬೆಳಗಿನ ಜಾವ ಹೊಟ್ಟೆ ನೋಯುತ್ತದೆ, ರೆಪ್ಪೆ ಜೋತು ಬೀಳುತ್ತದೆ, ನುಂಗಲಾಗುವುದಿಲ್ಲ. ಹಾವು ಕಚ್ಚಿದ್ದು ರೋಗಿಗೇ ಗೊತ್ತಿಲ್ಲ! ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟು ಕಳಿಸಿದರೆ ಮುಗಿಯಿತು ಕತೆ. 'ರಾತ್ರಿ ಎಲ್ಲಿ ಮಲಗಿದ್ದೆ ತಾಯಿ?' ಅಂತ ಡಾಕ್ಟರು ಕೇಳಬೇಕು. 'ಕಣ್ಣು ಮುಚ್ಕಂಡ್ ಮುಚ್ಕಂಡ್ ಬತ್ತದೆ ಸ್ವಾಮಿ' ಎಂದರೆ ಅದು ನಿದ್ದೆಯಲ್ಲ, ವಿಷ ಎಂದು ಹೊಳೆಯಬೇಕು. ಯಾವ ಸ್ಕ್ಯಾನಿಂಗ್ ಮೆಷಿನ್ನೂ ಈ ಪ್ರಶ್ನೆ ಕೇಳುವುದಿಲ್ಲ. ಆ ಊರಿನ ಕನ್ನಡ ಬಾರದ ಡಾಕ್ಟರೂ ಕೇಳಲಾರರು. ಇಲ್ಲಿ ಭಾಷೆ ಅಭಿಮಾನದ ಮಾತಲ್ಲ, ಜೀವದ ಮಾತು.

ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಅದನ್ನು ಕಂಡುಹಿಡಿಯಲು ದೊಡ್ಡ ಲ್ಯಾಬು ಬೇಡ. ಒಣಗಿದ, ಶುಭ್ರವಾದ ಗಾಜಿನ ನಳಿಗೆಯಲ್ಲಿ 2 ಮಿಲಿ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಡುವುದು. ಆಮೇಲೆ ಬಗ್ಗಿಸಿದಾಗ ನೀರಿನಂತೆ ಹರಿದರೆ ಪ್ರತಿವಿಷ ಶುರು ಮಾಡಲೇಬೇಕು. ಮೊದಲಿಗೆ 8ರಿಂದ 10 ವಯಲ್. ಮಗುವಿಗೂ ಅಷ್ಟೇ, ಯಾಕೆಂದರೆ ಕಚ್ಚುವ ಹಾವು ಮಗು ಅಂತ ವಿಷ ಕಡಿಮೆ ಬಿಡುವುದಿಲ್ಲ!

ಪ್ರತಿವಿಷ ಕೆಲವರ ಮೈಗೆ ಒಗ್ಗುವುದಿಲ್ಲ, ಉಸಿರು ಕಟ್ಟಬಹುದು. ಅದಕ್ಕೆ ಅಡ್ರಿನಲಿನ್ ಸೂಜಿಮದ್ದು ಪಕ್ಕದಲ್ಲೇ ಇರಬೇಕು. ಇಲ್ಲೇ ಎಷ್ಟೋ ಡಾಕ್ಟರು ಹೆದರುತ್ತಾರೆ. ಏನಾದರೂ ಆದರೆ ಜನ ಹೊಡೆಯುತ್ತಾರೆ ಎಂದು 'ಜಿಲ್ಲಾಸ್ಪತ್ರೆಗೆ ಹೋಗಿ' ಅಂತ ಚೀಟಿ ಬರೆದು ಕೈ ತೊಳೆದುಕೊಳ್ಳುತ್ತಾರೆ. ದಾರಿಯಲ್ಲಿ ಜೀವ ಹೋಗುತ್ತದೆ. ತಪ್ಪು ಡಾಕ್ಟರದಷ್ಟೇ ಅಲ್ಲ. ಔಷಧಿ ಇಲ್ಲದ ಕಪಾಟು, ನರ್ಸ್ ಇಲ್ಲದ ರಾತ್ರಿ, ಕೈ ಎತ್ತುವ ಜನ, ಇವೂ ಕಾರಣ.

ಒಂದು ವರ್ಷ ಹಳ್ಳಿ ಸೇವೆ ಕಡ್ಡಾಯವೆಂದು 2012ರಲ್ಲಿ ನಮ್ಮ ರಾಜ್ಯ ಕಾಯ್ದೆ ಮಾಡಿತು. 2024ರಲ್ಲಿ ಹಾವಿನ ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಪ್ರಕರಣ ಎಂದು ಘೋಷಿಸಿತು. ಒಳ್ಳೆಯದೇ. ಆದರೆ ಕಾಯ್ದೆ ಡಾಕ್ಟರನ್ನು ಹಳ್ಳಿಗೆ ಕಳಿಸಬಹುದು, ಅಲ್ಲಿ ನಿಲ್ಲಿಸಲಾರದು.

ಗೆಳೆಯರೆ, ನಿಮಗೆ ನನ್ನ ಬೇಡಿಕೆ ಮೂರು. ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಆರೋಗ್ಯ ಕೇಂದ್ರಕ್ಕೆ ಹೋಗಿ, ಪ್ರತಿವಿಷ ಇದೆಯೆ ಎಂದು ಮರ್ಯಾದೆಯಿಂದ ಕೇಳಿ. ಇಲ್ಲವಾದರೆ ಗಲಾಟೆ ಬೇಡ, ಜಿಲ್ಲಾ ಆರೋಗ್ಯಾಧಿಕಾರಿಗೆ ಕನ್ನಡದಲ್ಲಿ ಅರ್ಜಿ ಬರೆಯಿರಿ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಬೇಡ, ಕೈಕಾಲು ಅಲುಗಿಸದೆ ನೇರ ಆಸ್ಪತ್ರೆಗೆ ಎಂದು ಮನೆಯವರಿಗೆ ಹೇಳಿ. ನಿಮ್ಮಲ್ಲಿ ಮೆಡಿಕಲ್ ಓದುತ್ತಿರುವವರಿದ್ದರೆ, ಒಂದು ವರ್ಷ ಮುಗಿದ ಮೇಲೂ ಇನ್ನೊಂದು ವರ್ಷ ಅಲ್ಲೇ ಇರಿ. 30,000 ಜನ ನಿಮ್ಮ ಬಾಗಿಲು ನೋಡುತ್ತಿರುತ್ತಾರೆ.