ಮನೆಯೊಳಗಿನ ಹಿಂಸೆಯೂ ಊರಮುಂದಿನ ನುಡಿಯೂ



ಗೋಡೆಯ ಮೇಲೆ ಬರೆದ ಮಾತು ಎತ್ತಿದ ಕೈಯನ್ನು ತಡೆಯಬಲ್ಲದೇ? ಆಕಾಶವಾಣಿಯ ಹಿತವಚನ, ಚಿತ್ರಪಟದ ಕಥೆ, ಜಾತ್ರೆಯ ಬಯಲಿನಲ್ಲಿ ಆಡಿದ ನಾಟಕ, ಇವುಗಳಿಂದ ಬಾಗಿಲು ಮುಚ್ಚಿದ ಮನೆಯೊಳಗೆ ಹೆಂಡತಿಯು ತಿನ್ನುವ ಪೆಟ್ಟು ಒಂದಾದರೂ ಕಡಿಮೆಯಾದೀತೇ? ಇದೇ ಇಂದಿನ ವಿಚಾರದ ವಿಷಯ. ಪ್ರಚಾರದಿಂದಲೇ ಲೋಕವು ತಿದ್ದಿಕೊಳ್ಳುವದೆಂದು ಕೆಲವರು ನಂಬುವರು. ಇದೆಲ್ಲವೂ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ ಎಂದು ಬೇರೆ ಕೆಲವರು ಕೈಬಿಡುವರು. ಎರಡು ಪಕ್ಷಗಳನ್ನೂ ತೂಗಿ ನೋಡುವದು ಯುಕ್ತ.

ಚಿಕಿತ್ಸೆಗಿಂತ ಮೊದಲು ವ್ಯಾಧಿಯ ಪ್ರಮಾಣವನ್ನು ಅರಿಯಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು 18 ರಿಂದ 49 ವರ್ಷದೊಳಗಿನ ವಿವಾಹಿತ ಸ್ತ್ರೀಯರನ್ನು ಪ್ರಶ್ನಿಸಿದೆ. ಗಂಡನಿಂದ ಎಂದಾದರೂ ಹಿಂಸೆಯನ್ನು ಅನುಭವಿಸಿದ್ದಾಗಿ ಹೇಳಿದವರು ಕರ್ನಾಟಕದಲ್ಲಿ 2015-16 ರಲ್ಲಿ ನೂರಕ್ಕೆ 20.6 ರಷ್ಟಿದ್ದರು, 2019-21 ರಲ್ಲಿ ಅವರ ಪ್ರಮಾಣ 44.4 ಆಯಿತು. ಅದೇ ಅವಧಿಯಲ್ಲಿ ಸಮಗ್ರ ಭಾರತದ ಪ್ರಮಾಣವು 31.2 ರಿಂದ 29.3 ಕ್ಕೆ ಇಳಿಯಿತು. ಕನ್ನಡನಾಡಿನ ಈ ಏರಿಕೆಯಲ್ಲಿ ಹೊಡೆತವು ಹೆಚ್ಚಿದ್ದೆಷ್ಟು, ಮುಚ್ಚಿಟ್ಟುದನ್ನು ಹೇಳುವ ಧೈರ್ಯವು ಹೆಚ್ಚಿದ್ದೆಷ್ಟು ಎಂಬದನ್ನು ಅಂಕಿಗಳು ಬೇರ್ಪಡಿಸಿ ತೋರಿಸಲಾರವು. ಆದರೆ ಎರಡರಲ್ಲಿ ಯಾವುದು ನಿಜವಾದರೂ ನೆಮ್ಮದಿಗೆ ಆಸ್ಪದವಿಲ್ಲ. ಹೊಡೆತವೇ ಹೆಚ್ಚಿದ್ದರೆ ಅದು ಇಂದಿನ ದುಃಖ. ಹೇಳುವ ಧೈರ್ಯವು ಹೆಚ್ಚಿದ್ದರೆ ಹಿಂದಿನ ಸುಖವು ತೋರಿಕೆಯದಾಗಿತ್ತೆಂದೇ ಅರ್ಥ.

ಇನ್ನೊಂದು ಅಂಕಿಯು ಇದಕ್ಕಿಂತ ವಿಚಾರಾರ್ಹವಾದದ್ದು. ಹೇಳದೆ ಹೊರಗೆ ಹೋಗುವದು, ಅಡಿಗೆ ಕೆಡಿಸುವದು, ಎದುರುತ್ತರ ಕೊಡುವದು, ಅತ್ತೆಮಾವಂದಿರನ್ನು ಗೌರವಿಸದಿರುವದು ಮೊದಲಾದ ಏಳು ಕಾರಣಗಳನ್ನು ಹೇಳಿ, ಇವುಗಳಲ್ಲಿ ಯಾವುದಕ್ಕಾದರೂ ಗಂಡನು ಹೊಡೆಯುವದು ಸರಿಯೇ ಎಂದು ಅದೇ ಸಮೀಕ್ಷೆಯು ಕೇಳಿತು. ಒಂದಕ್ಕಾದರೂ ಸರಿಯೆಂದವರು ಕರ್ನಾಟಕದ ಗಂಡಸರಲ್ಲಿ ನೂರಕ್ಕೆ ಸುಮಾರು 82, ಹೆಂಗಸರಲ್ಲಿ ಸುಮಾರು 77! ಪೆಟ್ಟು ತಿನ್ನುವವಳೇ ಪೆಟ್ಟನ್ನು ನ್ಯಾಯವೆಂದು ಬಗೆಯುವಲ್ಲಿ, ರೋಗವು ಕೈಯಲ್ಲಿ ಮಾತ್ರವಲ್ಲ, ಲೋಕದ ಅಭಿಪ್ರಾಯದಲ್ಲಿಯೂ ಇದೆ ಎಂಬದು ಸ್ಪಷ್ಟ.

ಲೋಕಾಭಿಪ್ರಾಯವು ಆಕಾಶದಿಂದ ಇಳಿದುಬರುವದಿಲ್ಲ; ಅದು ಮಾತಿನಿಂದಲೇ ಹುಟ್ಟಿ ಮಾತಿನಿಂದಲೇ ಬೆಳೆಯುವದು. ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆಯನ್ನು ಅರಿಯದ ಕನ್ನಡಿಗನಿಲ್ಲ. ಸಣ್ಣ ಮುನಿಸಿಗೆ ಅದು ಒಪ್ಪುವ ಮಾತು. ಆದರೆ ನೆರೆಮನೆಯಲ್ಲಿ ಚೀರಾಟ ಕೇಳಿದಾಗ ಓಣಿಯವರು ಕದವಿಕ್ಕಿಕೊಳ್ಳುವದಕ್ಕೂ ಅದೇ ಗಾದೆಯು ನೆಪವಾಗುವದು. ವಿಚಾರಿಸಿ ನೋಡಿದರೆ ಅದೂ ಒಂದು ಲೋಕಸಂದೇಶವೇ ಸರಿ. ಕಾಗದ, ಮುದ್ರಣ, ಸರಕಾರದ ಹಣ ಯಾವುದೂ ಇಲ್ಲದೆ ಅದು ಮನೆಮನೆಯನ್ನೂ ಮುಟ್ಟಿದೆ. ಆದುದರಿಂದ ಸಂದೇಶವು ಬೇಕೇ ಬೇಡವೇ ಎಂಬದು ನಿಜವಾದ ಪ್ರಶ್ನೆಯಲ್ಲ. ಸಂದೇಶವು ಊರಲ್ಲಿ ಈಗಾಗಲೇ ಇದೆ. ಯಾವ ಸಂದೇಶವು ಇರಬೇಕೆಂಬದೇ ಪ್ರಶ್ನೆ.

ಕಾಯಿದೆಯು ತನ್ನ ಕಾರ್ಯವನ್ನು ಮಾಡಿದೆ. 2005 ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮವು 2006 ನೆಯ ಇಸವಿ ಅಕ್ಟೋಬರ 26 ರಿಂದ ಜಾರಿಯಲ್ಲಿದೆ. ಹೆಂಡತಿಯನ್ನು ಮನೆಯಿಂದ ಹೊರಹಾಕದಂತೆ ಆಜ್ಞೆ ಪಡೆಯಲು ಅದರಲ್ಲಿ ಅವಕಾಶವಿದೆ. ದೂರು ಕೇಳಲು ಸಂರಕ್ಷಣಾಧಿಕಾರಿಗಳಿದ್ದಾರೆ. ಹಿಂಸೆ ನಡೆದಿದೆಯೆಂದು ನಂಬಲು ಕಾರಣವುಳ್ಳ ಯಾರಾದರೂ ಆ ಅಧಿಕಾರಿಗೆ ತಿಳಿಸಬಹುದು; ಸದ್ಭಾವದಿಂದ ತಿಳಿಸಿದವನ ಮೇಲೆ ಯಾವ ಹೊಣೆಯೂ ಬಾರದೆಂದು ಅದರ 4 ನೆಯ ಕಲಮು ಹೇಳುವದು. ಈ ಸಂಗತಿಗಳನ್ನು ದೂರದರ್ಶನ, ಆಕಾಶವಾಣಿ, ಪತ್ರಿಕೆಗಳ ಮೂಲಕ ಆಗಾಗ ಪ್ರಚುರಪಡಿಸುವದು ಸರಕಾರದ ಕರ್ತವ್ಯವೆಂದು 11 ನೆಯ ಕಲಮು ವಿಧಿಸಿದೆ. ಪ್ರಚಾರವಿಲ್ಲದ ಕಾಯಿದೆಯು ಪೆಟ್ಟಿಗೆಯಲ್ಲಿಟ್ಟ ದೀಪದಂತೆ ಎಂಬದನ್ನು ಕಾಯಿದೆ ಮಾಡಿದವರೇ ಬಲ್ಲರು. ಆದರೂ ಭಾರತದಲ್ಲಿ ಹಿಂಸೆಗೊಳಗಾದ ಸ್ತ್ರೀಯರಲ್ಲಿ ಸಹಾಯವನ್ನು ಬೇಡಿದವರು ನೂರಕ್ಕೆ 14 ರಷ್ಟು ಮಾತ್ರ ಎಂದು 2019-21 ರ ಸಮೀಕ್ಷೆಯು ತಿಳಿಸುವದು.

ಸಂದೇಶವು ಯಾರಿಗೆ ಸಲ್ಲಬೇಕು? ಹೊಡೆಯುವವನಿಗೆ ‘ಹೊಡೆಯಬೇಡ’ ಎಂದು ಬೋಧಿಸುವದು ಸಹಜವಾಗಿ ತೋರುವ ಮಾರ್ಗ. 2008 ರಲ್ಲಿ ‘ಬ್ರೇಕ್‌ಥ್ರೂ’ ಸಂಸ್ಥೆಯು ಭಾರತದಲ್ಲಿ ಆರಂಭಿಸಿದ ‘ಬೆಲ್ ಬಜಾವೋ’, ಎಂದರೆ ‘ಗಂಟೆ ಬಾರಿಸಿ’ ಎಂಬ ಚಳವಳಿಯು ಬೇರೆ ಮಾರ್ಗವನ್ನು ಹಿಡಿಯಿತು. ಅದರ ಕಿರುಚಿತ್ರಗಳಲ್ಲಿ ಉಪದೇಶವಿಲ್ಲ. ಹೊಡೆತದ ಸಪ್ಪಳವನ್ನು ಕೇಳಿದ ನೆರೆಯವನು ಆ ಮನೆಯ ಗಂಟೆ ಬಾರಿಸಿ ತುಸು ಹಾಲು ಬೇಡುವನು; ಹುಡುಗರು ತಮ್ಮ ಚೆಂಡು ಬಂದಿತೇ ಎಂದು ಕೇಳುವರು. ಹಾಲು ಬೇಕಿಲ್ಲ, ಚೆಂಡೂ ಬೇಕಿಲ್ಲ. ‘ಹೊರಗಿನವರಿಗೆ ಕೇಳಿಸುತ್ತಿದೆ’ ಎಂಬದನ್ನು ಒಳಗಿನವನಿಗೆ ಅರುಹುವದಷ್ಟೇ ಉದ್ದೇಶ. ಈ ಚಿತ್ರಗಳನ್ನು ಹೊತ್ತ ಬಂಡಿಗಳು ಕರ್ನಾಟಕದ ಊರುಗಳಲ್ಲಿಯೂ ಸಂಚರಿಸಿದವು. ಗುಟ್ಟೇ ಹಿಂಸೆಯ ಕೋಟೆ. ಗುಟ್ಟು ಒಡೆದರೆ ಕೋಟೆಯು ಸಡಿಲುವದು.

ಇಂಥ ಯತ್ನಕ್ಕೆ ಫಲವುಂಟೇ ಎಂಬದಕ್ಕೆ ಆಫ್ರಿಕೆಯ ಯುಗಾಂಡಾ ದೇಶದಲ್ಲಿ ಒಳ್ಳೆಯ ಪರೀಕ್ಷೆಗಳು ನಡೆದಿವೆ. 2016 ರಲ್ಲಿ ಅಲ್ಲಿಯ 112 ಹಳ್ಳಿಗಳಲ್ಲಿ ಜನರಿಗೆ ಚಲಚ್ಚಿತ್ರಗಳನ್ನು ತೋರಿಸಿ, ಅವುಗಳ ನಡುವೆ ಕೆಲವು ಹಳ್ಳಿಗಳಲ್ಲಿ ಮಾತ್ರ, ಹಿಂಸೆಯನ್ನು ಕಂಡವರು ಸುಮ್ಮನಿರಬಾರದೆಂಬ ಸಣ್ಣ ಕಥೆಗಳನ್ನು ತೋರಿಸಿದರು. ತಿಂಗಳುಗಳ ಮೇಲೆ ವಿಚಾರಿಸಲು, ಆ ಕಥೆಗಳು ನಡೆದ ಹಳ್ಳಿಗಳಲ್ಲಿ ಸ್ತ್ರೀಯರ ಮೇಲಿನ ಹಿಂಸೆಯು ಕಡಿಮೆಯಾದದ್ದು ಕಂಡಿತು. ಹಿಂಸೆಯು ಸರಿಯೋ ತಪ್ಪೋ ಎಂಬ ಅಭಿಪ್ರಾಯದಲ್ಲಿ ಅಂಥ ಬದಲಾವಣೆಯೇನೂ ಆಗಿರಲಿಲ್ಲ. ಹಿಂಸೆ ನಡೆದರೆ ಬಾಯಿಬಿಟ್ಟು ಹೇಳುವ ಮನಸ್ಸು ಮಾತ್ರ ಬಲಗೊಂಡಿತ್ತು. ಹೃದಯಗಳೆಲ್ಲ ತಿದ್ದುವ ತನಕ ಹೆಣ್ಣುಮಕ್ಕಳು ಕಾಯಬೇಕಿಲ್ಲ, ಸಾಕ್ಷಿಗಳು ಮೌನವನ್ನು ಬಿಟ್ಟರೂ ಹಿಂಸೆಗೆ ತಡೆಯಾಗುವದು ಎಂಬದೇ ಇದರ ತಾತ್ಪರ್ಯ.

ಅದೇ ದೇಶದ ರಾಜಧಾನಿಯಾದ ಕಂಪಾಲಾದಲ್ಲಿ ‘ಸಾಸಾ’ ಎಂಬ ಕಾರ್ಯವು 2012 ರ ವರೆಗೆ ಕೆಲವು ವರ್ಷ ನಡೆಯಿತು. ಸ್ವಾಹಿಲಿ ಭಾಷೆಯಲ್ಲಿ ಆ ಶಬ್ದಕ್ಕೆ ‘ಈಗ’ ಎಂದರ್ಥ. ಭಿತ್ತಿಚಿತ್ರ, ನಾಟಕಗಳೊಡನೆ ಆಯಾ ಓಣಿಯ ಸ್ತ್ರೀಪುರುಷರೇ ತಮ್ಮ ನೆರೆಯವರೊಡನೆ ಕುಳಿತು ಮಾತಾಡಿದರು. ಕೊನೆಗೆ ಎಣಿಸಲಾಗಿ, ಕಾರ್ಯ ನಡೆದ ಕಡೆಗಳಲ್ಲಿ ಸಂಗಾತಿಯ ದೈಹಿಕ ಹಿಂಸೆಯು ನಡೆಯದ ಕಡೆಗಳಿಗಿಂತ ನೂರಕ್ಕೆ 52 ರಷ್ಟು ಕಡಿಮೆಯಿತ್ತು. ಪರೀಕ್ಷೆಗೆ ಒಳಪಟ್ಟವು ಎಂಟು ಕೇರಿಗಳು ಮಾತ್ರವಾದ್ದರಿಂದ ಆ ಅಂಕಿಯನ್ನು ಅಕ್ಷರಶಃ ಹಿಡಿಯಬಾರದು. ಆದರೆ ಚಿತ್ರಕ್ಕಿಂತ ಬಾಯಿಮಾತು, ದೂರದವರ ಮಾತಿಗಿಂತ ಪರಿಚಿತರ ಮಾತು ಆಳಕ್ಕೆ ಇಳಿಯುವದೆಂಬ ಪಾಠವು ಗ್ರಾಹ್ಯವಾದದ್ದು.

ಸಂದೇಶದಿಂದ ಕೇಡೂ ಉಂಟು. ಬಾತ ಮುಖದ, ಕಣ್ಣೀರಿಡುವ ಹೆಣ್ಣಿನ ಚಿತ್ರವನ್ನೇ ಊರೆಲ್ಲ ಅಂಟಿಸಿದರೆ, ಇದು ಎಲ್ಲರ ಮನೆಯ ಪಾಡು ಎಂಬ ಭಾವನೆ ಹುಟ್ಟುವ ಸಂಭವವಿದೆ. ಗಂಟೆ ಬಾರಿಸಿದವನು ಹೊರಟುಹೋದ ಬಳಿಕ ಗಂಡನ ಸಿಟ್ಟೆಲ್ಲ ಹೆಂಡತಿಯ ಮೇಲೆಯೇ ತಿರುಗಬಹುದು. ಆದ್ದರಿಂದ ತಡೆದವರು ಅಷ್ಟಕ್ಕೇ ನಿಲ್ಲದೆ, ಏಕಾಂತದಲ್ಲಿ ಅವಳನ್ನು ಮಾತಾಡಿಸಿ, ಅವಳ ಇಚ್ಛೆಯನ್ನರಿತು ನಡೆಯಬೇಕು. ಸಂದೇಶದ ಬೆನ್ನಿಗೆ ತೆರೆದ ಬಾಗಿಲೊಂದು ಇರಲೇಬೇಕು. 181 ಎಂಬ ಮಹಿಳಾ ಸಹಾಯವಾಣಿ, 112 ಎಂಬ ತುರ್ತು ಕರೆ, ಜಿಲ್ಲೆಗಳಲ್ಲಿಯ ‘ಸಖಿ’ ಕೇಂದ್ರಗಳು ಇಂಥ ಬಾಗಿಲುಗಳು. ತವರುಮನೆಯ ಬಾಗಿಲು ಇವೆಲ್ಲವುಗಳಿಗಿಂತ ಹತ್ತಿರದ್ದು. ‘ಹೊಂದಿಕೊಂಡು ಹೋಗವ್ವಾ’ ಎಂದು ಅದು ಮುಚ್ಚಿಕೊಂಡರೆ ಮಿಕ್ಕ ಬಾಗಿಲುಗಳನ್ನು ತಟ್ಟುವ ತ್ರಾಣವೇ ಅವಳಲ್ಲಿ ಉಳಿಯುವದಿಲ್ಲ.

ಹೀಗೆ ತೂಗಿ ನೋಡಲು, ಸಂದೇಶವೊಂದೇ ಸಾಲದು, ಸಂದೇಶವಿಲ್ಲದೆಯೂ ಸಾಗದು. ಅದು ನೆರೆಯವರನ್ನು ಎಚ್ಚರಿಸಬೇಕು, ಮಾಡತಕ್ಕದ್ದೇನೆಂಬದನ್ನು ಬಿಚ್ಚಿ ಹೇಳಬೇಕು, ಜನರು ಮನ್ನಿಸುವವರ ಬಾಯಿಂದ ಬರಬೇಕು. ಈ ಮೂರನೆಯ ಸಾಮರ್ಥ್ಯವು ಮಠಮಾನ್ಯಗಳಿಗೆ ಇದ್ದಷ್ಟು ಬೇರೆ ಸಂಸ್ಥೆಗಳಿಗೆ ವಿರಳ. ಜಾತ್ರೆಗೆ ನೆರೆದ ಸಾವಿರಾರು ಗಂಡಸರ ಮುಂದೆ, ಸಾಮೂಹಿಕ ವಿವಾಹದ ಹಂದರದ ಕೆಳಗೆ ಕುಳಿತ ವರಗಳ ಮುಂದೆ, ‘ಹೆಂಡತಿಯ ಮೇಲೆ ಕೈಯೆತ್ತುವವನಿಗೆ ಈ ಸಭೆಯಲ್ಲಿ ಮರ್ಯಾದೆಯಿಲ್ಲ’ ಎಂದು ಪೂಜ್ಯರು ಒಂದು ಮಾತು ಅಪ್ಪಣೆ ಕೊಡಿಸಿದರೆ ಅದು ನೂರು ಭಿತ್ತಿಪತ್ರಗಳಿಗೆ ಸಮ. ಹಳೆಯ ಗಾದೆಯು ಬಾಯಿಂದ ಬಾಯಿಗೆ ನಡೆದು ಊರನ್ನೆಲ್ಲ ಮೌನಗೊಳಿಸಿತು. ಹೊಸ ನುಡಿಯೂ ಅದೇ ದಾರಿಯಿಂದ ನಡೆದು ಊರಿಗೆ ಬಾಯಿ ಬರಿಸಲಿ.