ಪ್ರಯಾಣ ಒಂದು, ಟಿಕೆಟ್ ಎರಡು



ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ವಿಮಾನಯಾನವು ಇಂದು ಅಪರೂಪದ ಸಂಗತಿಯಲ್ಲ. ಮಗಳ ಬಾಣಂತನಕ್ಕೆಂದು, ಮೊಮ್ಮಕ್ಕಳನ್ನು ನೋಡಲೆಂದು ವಿದೇಶಕ್ಕೆ ಹೊರಡುವ ಹಿರಿಯರೂ ನಮ್ಮಲ್ಲಿ ಅನೇಕರಿದ್ದಾರೆ. ದಾರಿಯಲ್ಲಿ ವಿಮಾನ ಬದಲಿಸಬೇಕಾದಾಗ, ಹಣ ಉಳಿಯಲೆಂದು ಎರಡು ವಿಮಾನಗಳಿಗೆ ಬೇರೆ ಬೇರೆ ಟಿಕೆಟ್ ಕೊಳ್ಳುವುದುಂಟು. ಇದಕ್ಕೆ ಯಾವ ನಿಷೇಧವೂ ಇಲ್ಲ. ಆದರೆ ಹೀಗೆ ಕೊಂಡಾಗ ಸಾಮಾನಿನ ಹೊಣೆ ಯಾರದು ಎಂಬುದನ್ನು ಮೊದಲೇ ತಿಳಿದಿರುವುದು ಅವಶ್ಯಕ.

ಟಿಕೆಟ್ ಎಂಬುದು ಪ್ರಯಾಣಿಕನಿಗೂ ವಿಮಾನ ಸಂಸ್ಥೆಗೂ ನಡುವಣ ಕರಾರು. ಎರಡು ಟಿಕೆಟ್ ಇದ್ದರೆ ಎರಡು ಕರಾರು. ನಮ್ಮ ಮನಸ್ಸಿನಲ್ಲಿ ಪ್ರಯಾಣ ಒಂದೇ ಆಗಿದ್ದರೂ ಮೊದಲ ಸಂಸ್ಥೆಯ ಹೊಣೆ ಅದರ ನಿಲ್ದಾಣದಲ್ಲಿಯೇ ಮುಗಿಯುತ್ತದೆ.

ಪುಣೆಯಿಂದ ದೆಹಲಿಗೆ, ಅಲ್ಲಿಂದ ಲಂಡನ್ನಿಗೆ ಹೋಗುವವರ ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಂದೇ ಟಿಕೆಟ್ ಆಗಿದ್ದರೆ ಪುಣೆಯಲ್ಲಿ ಒಪ್ಪಿಸಿದ ಪೆಟ್ಟಿಗೆಯನ್ನು ಸಾಮಾನ್ಯವಾಗಿ ಲಂಡನ್ನಿನಲ್ಲಿ ಪಡೆಯಬಹುದು. ವಿದೇಶ ಪ್ರಯಾಣದ ತೂಕದ ಮಿತಿಯೇ ಸಾಮಾನ್ಯವಾಗಿ ಪೂರ್ತಿ ಪ್ರಯಾಣಕ್ಕೆ ಅನ್ವಯಿಸುತ್ತದೆ. ಟಿಕೆಟ್ ಎರಡಾದರೆ ದೆಹಲಿಯಲ್ಲಿ ಪೆಟ್ಟಿಗೆಯನ್ನು ಇಳಿಸಿಕೊಂಡು, ಹೊರಬಂದು, ಮತ್ತೆ ಒಪ್ಪಿಸಬೇಕು. ವಿದೇಶ ವಿಮಾನದಲ್ಲಿ 23 ಕಿಲೋ ತೂಕದ ಪೆಟ್ಟಿಗೆಗೆ ಅವಕಾಶವಿದ್ದರೂ, ದೇಶದೊಳಗಿನ ವಿಮಾನದಲ್ಲಿ ಸಾಮಾನ್ಯ ದರ್ಜೆಯ ಮಿತಿ ಬಹುತೇಕ 15 ಕಿಲೋ. ಉಳಿದ 8 ಕಿಲೋಗೆ ಹೆಚ್ಚುವರಿ ಶುಲ್ಕ ತೆರಬೇಕು. ಟಿಕೆಟ್‌ನಲ್ಲಿ ಉಳಿಸಿದ ಹಣ ಇಲ್ಲಿಯೇ ಕರಗಿಹೋಗಬಹುದು.

ಮರಳಿ ಬರುವಾಗ ಭಾರತದಲ್ಲಿ ಮೊದಲು ಇಳಿಯುವ ನಿಲ್ದಾಣದಲ್ಲಿ ಸುಂಕದ ತಪಾಸಣೆಗಾಗಿ ಪೆಟ್ಟಿಗೆಯನ್ನು ಪಡೆಯಬೇಕಾದುದು ಸಾಮಾನ್ಯ ಕ್ರಮ. ಒಂದೇ ಟಿಕೆಟ್ ಇದ್ದವರಿಗೂ ಬಹುಮಟ್ಟಿಗೆ ಇದು ತಪ್ಪದು. ಆದರೆ ವಿಮಾನ ಬದಲಿಸುವುದು ಪರದೇಶದಲ್ಲಾದರೆ ತೊಡಕು ಹೆಚ್ಚು. ಸಾಮಾನು ಬರುವ ಸ್ಥಳ ಅಲ್ಲಿನ ವಲಸೆ ತಪಾಸಣೆಯ ಆಚೆಗಿರುತ್ತದೆ. ಆ ದೇಶದ ವೀಸಾ ಅಗತ್ಯವಿದ್ದು ಅದು ಇಲ್ಲದಿದ್ದರೆ ಪೆಟ್ಟಿಗೆಯ ಬಳಿಗೆ ಹೋಗುವಂತೆಯೇ ಇಲ್ಲ.

ಇನ್ನು ಸಮಯದ ವಿಚಾರ. ಸಾಮಾನು ಸ್ವೀಕರಿಸುವ ಕೌಂಟರನ್ನು ವಿಮಾನ ಹೊರಡುವುದಕ್ಕೆ ಸಾಮಾನ್ಯವಾಗಿ ಸುಮಾರು ಒಂದು ಗಂಟೆ ಮೊದಲೇ ಮುಚ್ಚುತ್ತಾರೆ. ದೆಹಲಿಯ 1ನೇ ಮತ್ತು 3ನೇ ಟರ್ಮಿನಲ್‌ಗಳ ನಡುವೆ ರಸ್ತೆಯ ಮೂಲಕವೇ ಹಲವು ಕಿಲೋಮೀಟರ್ ಸಾಗಬೇಕು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ, ಎರಡನೆಯ ಸಂಸ್ಥೆಯ ದೃಷ್ಟಿಯಲ್ಲಿ ನೀವು ಬಾರದ ಪ್ರಯಾಣಿಕರು. ಅದೇ ಟಿಕೆಟ್‌ನಲ್ಲಿರುವ ಮರುಪ್ರಯಾಣವೂ ರದ್ದಾಗುವ ಸಂಭವವುಂಟು. ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮಗಳೂ ಮುಂದಿನ ವಿಮಾನ ತಪ್ಪಿದವರ ರಕ್ಷಣೆಯನ್ನು ಹೇಳುವಾಗ ಒಂದೇ ಟಿಕೆಟ್ ಸಂಖ್ಯೆಯಲ್ಲಿ ಕಾಯ್ದಿರಿಸಿದ ವಿಮಾನಗಳನ್ನೇ ಉಲ್ಲೇಖಿಸುತ್ತವೆ.

ಸಾಮಾನು ಕಳೆದುಹೋದಾಗಲೂ ಈ ಭೇದ ಎದ್ದು ಕಾಣುತ್ತದೆ. 1999ರ ಮಾಂಟ್ರಿಯಲ್ ಒಪ್ಪಂದವನ್ನು ಭಾರತವು 2009ರಲ್ಲಿ ಅಂಗೀಕರಿಸಿತು. ಅದರಂತೆ, ಹಲವು ಸಂಸ್ಥೆಗಳು ಸೇರಿ ನಡೆಸುವ ಒಂದೇ ಪ್ರಯಾಣದಲ್ಲಿ ಮೊದಲ ಸಂಸ್ಥೆಯನ್ನಾಗಲಿ ಕೊನೆಯ ಸಂಸ್ಥೆಯನ್ನಾಗಲಿ ಪರಿಹಾರ ಕೇಳಬಹುದು. ಕರಾರುಗಳೇ ಬೇರೆಯಾದಾಗ ಒಬ್ಬರು ಮತ್ತೊಬ್ಬರ ಕಡೆಗೆ ಕೈತೋರಿಸುವುದು ಸುಲಭವಾಗುತ್ತದೆ. ಸಾಮಾನಿಗೆ ಹಾನಿಯಾಗಿದ್ದರೆ ಅದನ್ನು ಪಡೆದ 7 ದಿನಗಳೊಳಗೆ, ತಡವಾಗಿ ಬಂದಿದ್ದರೆ ಕೈಗೆ ಬಂದ 21 ದಿನಗಳೊಳಗೆ ಬರಹದಲ್ಲಿ ದೂರು ಸಲ್ಲಿಸಬೇಕು. ನಿಲ್ದಾಣ ಬಿಡುವ ಮೊದಲೇ ದೂರು ದಾಖಲಿಸಿ ಅದರ ಪ್ರತಿ ಪಡೆಯುವುದು ಇನ್ನೂ ಉತ್ತಮ. ಸಂಸ್ಥೆಯಿಂದ ಪರಿಹಾರ ದೊರೆಯದಿದ್ದಲ್ಲಿ ನಾಗರಿಕ ವಿಮಾನಯಾನ ಸಚಿವಾಲಯವು 2016ರಲ್ಲಿ ಆರಂಭಿಸಿದ ಏರ್‌ಸೇವಾ ವ್ಯವಸ್ಥೆಯ ಮೂಲಕ ಅಹವಾಲು ಸಲ್ಲಿಸಬಹುದು.

ಹಾಗಾದರೆ ಮಾಡಬೇಕಾದುದೇನು? ಟಿಕೆಟ್ ಕೊಳ್ಳುವಾಗಲೇ, “ಎರಡೂ ವಿಮಾನಗಳು ಒಂದೇ ಟಿಕೆಟ್‌ನಲ್ಲಿವೆಯೇ?” ಎಂದು ಏಜೆಂಟರನ್ನು ಕೇಳಿ. ಹಣವನ್ನು ಒಟ್ಟಿಗೆ ಪಾವತಿ ಮಾಡಿದ ಮಾತ್ರಕ್ಕೆ ಟಿಕೆಟ್ ಒಂದಾಗುವುದಿಲ್ಲ. ಎರಡು ಟಿಕೆಟ್ ಅನಿವಾರ್ಯವಾದರೆ ಕಡಿಮೆ ಮಿತಿಯ ವಿಮಾನಕ್ಕೆ ತಕ್ಕಂತೆ ಸಾಮಾನು ಕಟ್ಟಿ. ನಡುವೆ ಧಾರಾಳ ಸಮಯವಿರಲಿ, ಸಾಧ್ಯವಾದರೆ ಒಂದು ರಾತ್ರಿಯ ಬಿಡುವಿರಲಿ. ಪರಸ್ಪರ ಒಪ್ಪಂದವಿರುವ ಕೆಲವು ಸಂಸ್ಥೆಗಳು ಎರಡು ಟಿಕೆಟ್ ಇದ್ದರೂ ಸಾಮಾನನ್ನು ಕೊನೆಯವರೆಗೆ ಕಳುಹಿಸುವುದುಂಟು. ಇದನ್ನು ಮುಂಚಿತವಾಗಿ ವಿಚಾರಿಸಿ. ಕೌಂಟರಿನಲ್ಲಿ ಪೆಟ್ಟಿಗೆಗೆ ಕಟ್ಟುವ ಚೀಟಿಯನ್ನು ತಪ್ಪದೆ ಓದಿ. ಅದರಲ್ಲಿ ದೆಹಲಿಯ ಸಂಕೇತವಾದ ಡಿಇಎಲ್ ಎಂದಷ್ಟೇ ಇದ್ದರೆ ಪೆಟ್ಟಿಗೆ ದೆಹಲಿಯಲ್ಲೇ ಇಳಿಯುತ್ತದೆ; ಯಾರು ಏನೇ ಭರವಸೆ ನೀಡಿದ್ದರೂ ಅದು ಚೀಟಿಯನ್ನೇ ಅನುಸರಿಸುತ್ತದೆ.

ಒಂಟಿಯಾಗಿ ಹೊರಡುವ ವಯಸ್ಸಾದ ತಂದೆತಾಯಿಗಳಿಗೆ ಟಿಕೆಟ್ ಕೊಳ್ಳುವ ಮಕ್ಕಳಲ್ಲಿ ವಿಶೇಷ ವಿನಂತಿ: ಕೆಲವು ಸಾವಿರ ರೂಪಾಯಿ ಹೆಚ್ಚಾದರೂ ಅವರಿಗೆ ಒಂದೇ ಟಿಕೆಟ್ ಮಾಡಿಸಿ. ಅಪರಿಚಿತ ನಿಲ್ದಾಣದಲ್ಲಿ ಭಾರದ ಪೆಟ್ಟಿಗೆಗಳನ್ನು ಎಳೆದುಕೊಂಡು ಕೌಂಟರು ಹುಡುಕುವ ಬವಣೆ ಅವರಿಗೆ ತಪ್ಪುತ್ತದೆ.